ಎಡಗಡೆಯ ನಟ್ಟು

ನಮ್ಮ ಮನೆಯಲ್ಲಿ ಆ ಕಾರಿಗೆ ಸವತಿ ಎಂದೇ ಹೆಸರು. ಇಟ್ಟವಳು ನಾನು. ಕೇಳಿ ನಮ್ಮವರು ಮುಖ ಊದಿಸಿಕೊಳ್ಳುತ್ತಾರೆ ಅಂದುಕೊಂಡಿದ್ದೆ, ಆ ಮನುಷ್ಯ ಒಳಗೊಳಗೇ ಖುಷಿಪಟ್ಟರು. ಅರವತ್ಮೂರನೇ ಇಸವಿಯ ಡಾಡ್ಜ್ ಡಾರ್ಟ್. ಅಮೆರಿಕದವರು ಅದನ್ನು ಸಣ್ಣ ಕಾರು ಅನ್ನುತ್ತಿದ್ದರಂತೆ. ನಮ್ಮ ಶೆಡ್ಡಿನೊಳಗೆ ತಂದು ನಿಲ್ಲಿಸಿದರೆ ಬಾಗಿಲು ಮುಚ್ಚಲು ಆಗುತ್ತಿರಲಿಲ್ಲ. ಬಂದಾಗ ಅದರ ನೆಲದಲ್ಲಿ ಕೈ ತೂರಿಸುವಷ್ಟು ತೂತು, ಡಿಕ್ಕಿಯಲ್ಲಿ ಇಲಿಗೂಡು, ಸೀಟಿನಲ್ಲಿ ಸ್ಪ್ರಿಂಗು ಬಿಟ್ಟರೆ ಬೇರೇನೂ ಇಲ್ಲ. ಗೇರು ಹಾಕಲು ಕೋಲಿಲ್ಲ, ಹಳೇ ರೇಡಿಯೋದ ಹಾಗೆ ಗುಂಡಿ ಒತ್ತಬೇಕು. ಎಂಜಿನ್ನು ನೆಟ್ಟಗೆ ನಿಲ್ಲದೆ ಒಂದು ಪಕ್ಕಕ್ಕೆ ವಾಲಿಕೊಂಡಿದೆ. ಇದೇನು ಮಲಗಿದೆಯಾ, ಎದ್ದಿದೆಯಾ ಅಂತ ಕೇಳಿದ್ದಕ್ಕೆ, ಬಾನೆಟ್ಟು ತಗ್ಗಿಗಿರಲಿ ಅಂತ ಹಾಗೆ ಕೂರಿಸಿದ್ದಾರೆ ಎಂದು ಊಟ ಅರ್ಧಕ್ಕೆ ಬಿಟ್ಟು ವಿವರಿಸಿದ್ದರು.

ನಮ್ಮವರ ಕೆಲಸ ಲಿಫ್ಟ್ ರಿಪೇರಿ. ಹಗಲೆಲ್ಲ ಕಂಡವರ ಕಟ್ಟಡಗಳಲ್ಲಿ ಹತ್ತಿ ಇಳಿದು ಮನೆಗೆ ಬಂದರೆ, ಕೈಕಾಲು ತೊಳೆದು, ಇದ್ದದ್ದನ್ನು ಬಾಯಿಗೆ ಹಾಕಿಕೊಂಡು ನೇರ ಶೆಡ್ಡಿಗೆ. ನಾನು ಬಟ್ಟೆ ಹೊಲಿಯುವವಳು. ಮುಂದಿನ ಕೋಣೆಯಲ್ಲಿ ನನ್ನ ಮೆಷಿನ್ನು, ಹಿಂದೆ ಶೆಡ್ಡಿನಲ್ಲಿ ಅವರ ಕಾರು, ನಡುವೆ ನಮ್ಮ ಸಂಸಾರ. ಮಕ್ಕಳಾಗಲಿಲ್ಲ. ಜಗಳವೂ ಅಷ್ಟೇನಿರಲಿಲ್ಲ, ಜಗಳ ಆಡಲು ಇಬ್ಬರೂ ಒಂದೇ ಕೋಣೆಯಲ್ಲಿರಬೇಕಲ್ಲ. ಮದುವೆಯಾದಾಗಿನಿಂದ ಆ ಬಾಯಿಂದ ಸ್ವಲ್ಪ ಹೊತ್ತು ನನ್ನ ಜೊತೆ ಕೂತುಕೋ ಎಂಬ ಒಂದು ಮಾತು ಕೇಳಿದವಳಲ್ಲ ನಾನು. ಕೇಳಬೇಕೆಂಬ ಆಸೆಯಂತೂ ಇತ್ತು. ಕೂದಲು ನೆರೆತರೂ ಅದು ಹೋಗಲಿಲ್ಲ.

ತುಕ್ಕು ಕೆರೆದು, ತೂತು ಮುಚ್ಚಿ, ಬಣ್ಣ ಹೊಡೆಸಿ, ಎಂಜಿನ್ನು ಬಿಚ್ಚಿ ಮತ್ತೆ ಕೂರಿಸಿ, ಇನ್ನು ಸೀಟು, ಬ್ರೇಕು, ಟೈರು ಅಷ್ಟೇ ಬಾಕಿ ಅನ್ನುವಾಗ ಅವರಿಗೆ ಸ್ಟ್ರೋಕ್ ಹೊಡೆಯಿತು. ಬಲಗೈ, ಬಲಗಾಲು ಬಿದ್ದುಹೋದವು. ಮಾತೂ ಹೋಯಿತು. ಆಮೇಲೆ ಒಂದೊಂದೇ ಮಾತು ವಾಪಸ್ಸು ಬಂತು, ಬಂದದ್ದು ತಲೆಕೆಳಗಾಗಿ. ನೀರು ಬೇಡ ಅನ್ನುತ್ತಲೇ ಲೋಟಕ್ಕೆ ಕೈ ಚಾಚುವರು. ಕಿಟಕಿ ಮುಚ್ಚು ಅನ್ನುವರು, ಮುಚ್ಚಿದರೆ ಸೆಕೆಗೆ ಒದ್ದಾಡುವರು. ಆಸ್ಪತ್ರೆಯಲ್ಲಿ ಮಾತು ಕಲಿಸುವ ಹೆಂಗಸೊಬ್ಬರಿದ್ದರು. ಕೆಲವರಿಗೆ ಹೀಗಾಗುತ್ತದೆ, ಮನಸ್ಸಿನಲ್ಲಿ ಇರುವುದೊಂದು, ನಾಲಿಗೆಗೆ ಬರುವುದು ಅದರ ವಿರುದ್ಧದ್ದು, ಸದ್ಯಕ್ಕೆ ಉಲ್ಟಾ ಅಂತ ತಿಳಿದುಕೊಳ್ಳಿ ಎಂದು ಅವರು ಹೇಳಿ ಕಳಿಸಿದರು.

ಮನೆಗೆ ಬಂದಮೇಲೆ ನಾನೂ ನನ್ನ ಮೈದುನನೂ ಅದನ್ನೇ ಕಾನೂನು ಮಾಡಿಕೊಂಡೆವು. ಮೈದುನ ಪ್ಲಂಬರ್, ಪಕ್ಕದ ಬೀದಿಯಲ್ಲೇ ಮನೆ. ಪೈಪು ಬಿಗಿದು ಬಿಗಿದು ಅವನ ಬುದ್ಧಿಯೂ ಬಿಗಿದುಕೊಂಡಿದೆ ಅಂತ ನಾನು ಯಾವಾಗಲೂ ರೇಗಿಸುತ್ತೇನೆ, ಅವನು ಹಲ್ಲು ಕಿರಿಯುತ್ತಾನೆ. ಅವನೇ ಇದಕ್ಕೆ ಉಲ್ಟಾ ಲೆಕ್ಕ ಎಂದು ಹೆಸರಿಟ್ಟ. ಬೇಡ ಅಂದರೆ ಬೇಕು, ಸಾಕು ಅಂದರೆ ಇನ್ನಷ್ಟು ಹಾಕು, ಎತ್ತು ಅಂದರೆ ಮಲಗಿಸು. ಬರುಬರುತ್ತಾ ನಮಗೆ ಅದು ಎಷ್ಟು ರೂಢಿಯಾಯಿತೆಂದರೆ ಯೋಚನೆ ಮಾಡುವುದೇ ಬೇಕಿರಲಿಲ್ಲ. ಒಮ್ಮೊಮ್ಮೆ ಅವರು ತಟ್ಟೆ ತಳ್ಳುತ್ತಿದ್ದರು, ಎಡಗೈಯಿಂದ ಮಂಚವನ್ನು ಗುದ್ದುತ್ತಿದ್ದರು. ಕಾಯಿಲೆಯವರಿಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತೆ ಅಂತ ನಾವು ಸುಮ್ಮನಾಗುತ್ತಿದ್ದೆವು.

ಕಾರಿನ ಹುಚ್ಚಿನವರೊಬ್ಬರು ಡಾರ್ಟ್ ಕೊಳ್ಳಲು ಬಂದರು. ನಿವೃತ್ತ ಔಷಧಿ ಅಂಗಡಿಯವರು, ಬಾನೆಟ್ಟು ಎತ್ತುವ ಮೊದಲು ಚಪ್ಪಲಿ ಬಿಟ್ಟರು. ಮಂಚದ ಪಕ್ಕ ಕೂತು, ಕೊಡುತ್ತೀರಾ ಅಂತ ಇವರನ್ನು ಮೆಲ್ಲಗೆ ಕೇಳಿದರು. ಇವರು ನನ್ನ ಮುಖ ನೋಡಿ, ಸ್ಪಷ್ಟವಾಗಿ, “ಕೊಟ್ಬಿಡು” ಅಂದರು. ನನಗೆ ಕಣ್ಣಲ್ಲಿ ನೀರು ಬಂತು. ಇಷ್ಟಾದರೂ ಅದನ್ನು ಬಿಡಲಾರೆ ಅನ್ನುತ್ತಿದ್ದಾರಲ್ಲ ಅನಿಸಿತು. ಔಷಧಿ ಅಂಗಡಿಯವರಿಗೆ ಟೀ ಕೊಟ್ಟು, ಕ್ಷಮಿಸಿ ಅಂತ ಹೇಳಿ ಕಳಿಸಿದೆ. ಅವರು ಗೇಟು ದಾಟುವಾಗ ಒಳಗೆ ಮಂಚ ಗುದ್ದುವ ಸದ್ದು ಕೇಳಿಸಿತು. ಆವತ್ತೇ ಮೈದುನನಿಗೆ ಹೇಳಿದೆ, ನಿನ್ನ ಅಣ್ಣ ಕಣ್ಣು ಮುಚ್ಚುವುದರೊಳಗೆ ಆ ಸವತಿಯನ್ನು ರಸ್ತೆಗಿಳಿಸಿ, ಅವರನ್ನು ಅದರಲ್ಲಿ ಕೂರಿಸಿ ಒಂದು ಸುತ್ತು ಹೊಡೆಸಬೇಕು ಅಂತ.

ಸೀಟಿನ ಕೆಲಸ ನನ್ನದು. ಬೆಳಿಗ್ಗೆ ಅವರಿಗೆ ಮೈ ಒರೆಸಿ, ಟೀ ಕುಡಿಸಿ ಶೆಡ್ಡಿಗೆ ಹೊರಡುತ್ತಿದ್ದೆ. ನಾನು ಬಾಗಿಲ ಹತ್ತಿರ ಹೋದಾಗ ಅವರು “ಇರು” ಅನ್ನುತ್ತಿದ್ದರು. ಅಂದರೆ ಹೋಗು. ನನಗೆ ನಗು ಬರುತ್ತಿತ್ತು. ಹೆಂಡತಿ ಎಂದರೆ ಇಷ್ಟೇ ತಾನೇ, ಕಾರಿನ ಕೆಲಸ ನಿಲ್ಲಬಾರದು ಅಂತ ಮಲಗಿದಲ್ಲಿಂದಲೇ ಓಡಿಸುತ್ತಿದ್ದಾರೆ ಅಂದುಕೊಳ್ಳುತ್ತಿದ್ದೆ. “ಹೋಗ್ತೀನಿ ಮಾರಾಯರೇ, ಹೋಗ್ತಾ ಇದೀನಲ್ಲ” ಅನ್ನುತ್ತಾ ಹೋಗಿಬಿಡುತ್ತಿದ್ದೆ. ದಿನಾ ಹೇಳುತ್ತಿದ್ದರು, ದಿನಾ ನಾನು ಹೋಗುತ್ತಿದ್ದೆ.

ಸಂಜೆಯದು ಬೇರೆ. ದೀಪ ಹಚ್ಚಿ ಅವರ ಪಕ್ಕ ಕುರ್ಚಿ ಎಳೆದುಕೊಂಡು ನಾನು ಕಾಜ ಹೊಲಿಯಲು ಕೂತರೆ, ಸ್ವಲ್ಪ ಹೊತ್ತಿಗೆ “ಹೋಗು” ಅನ್ನುತ್ತಿದ್ದರು. ಅಂದರೆ ಇರು. ಮೊದಲ ಸಲ ಅದು ಕಿವಿಗೆ ಬಿದ್ದಾಗ ನನ್ನ ಕೈಯ ಸೂಜಿ ಕೆಳಗೆ ಬಿತ್ತು. ಎಷ್ಟು ವರ್ಷ ಕಾದಿದ್ದ ಮಾತು ಅದು, ಬಂದದ್ದು ತಿರುಗುಮುರುಗಾಗಿಯೇ ಆದರೂ ಬಂತಲ್ಲ. ಹೋಗು, ಹೋಗು ಅಂತ ಅವರು ಹೇಳಿದಷ್ಟೂ ನಾನು ಕುರ್ಚಿಯನ್ನು ಇನ್ನೂ ಹತ್ತಿರಕ್ಕೆ ಎಳೆದುಕೊಳ್ಳುತ್ತಿದ್ದೆ. ದೀಪದ ಬೆಳಕಿಗೆ ಅವರು ಕಣ್ಣು ಕಿರಿದು ಮಾಡಿಕೊಂಡು ನನ್ನನ್ನೇ ನೋಡುತ್ತಿದ್ದರು. ಆ ದಿನಗಳಲ್ಲಿ ನಾನು ಒಬ್ಬಳೇ ಇದ್ದಾಗ ಹಾಡು ಗುನುಗುತ್ತಿದ್ದೆ. ಗಂಡ ಹಾಸಿಗೆ ಹಿಡಿದಿರುವಾಗ ಇವಳಿಗೇನು ಬಂತು ಅಂತ ಮೈದುನ ನೋಡುತ್ತಿದ್ದ.

ಸೀಟುಗಳಿಗೆ ಕೆಂಪು ರೆಕ್ಸಿನ್ ಹಾಕಿದೆ. ಹಳೇ ಹೊದಿಕೆಯ ಚೂರುಗಳನ್ನು ಬಿಡಿಸಿ, ಹಾಸಿ, ಅಳತೆ ತೆಗೆದು, ಅಂಚಿಗೆ ದಾರದ ಪಟ್ಟಿ ಕೂರಿಸಿ ಹೊಲಿದೆ. ನನ್ನ ಮೆಷಿನ್ನಿನ ಸೂಜಿಗಳು ಪಟಪಟ ಮುರಿದವು. ಬೈದುಕೊಂಡೇ ಹೊಲಿದೆ. ಆದರೆ ಮುಗಿದಾಗ ಹಿಂದಿನ ಸೀಟಿನ ಮೇಲೆ ಒಂದು ನಿಮಿಷ ಮಲಗಿ ನೋಡಿದೆ, ಸುಳ್ಳೇಕೆ, ಚೆನ್ನಾಗಿತ್ತು. ಇವರು ಇಲ್ಲಿ ಯಾಕೆ ಬಂದು ಸೇರಿಕೊಳ್ಳುತ್ತಿದ್ದರು ಅಂತ ಸ್ವಲ್ಪ ಅರ್ಥವಾಯಿತು.

ಚಕ್ರ ಬಿಚ್ಚುವ ದಿನ ಅವರನ್ನೂ ಗಾಲಿಕುರ್ಚಿಯಲ್ಲಿ ಶೆಡ್ಡಿಗೆ ತಂದು ಕಾರಿನ ಮೂತಿಯ ಎದುರಿಗೆ ಕೂರಿಸಿದೆವು. ಬಲಗಡೆಯ ಎರಡು ಚಕ್ರಗಳು ಸಲೀಸಾಗಿ ಬಂದವು. ಎಡಗಡೆಯದು ಜಪ್ಪಯ್ಯ ಅಂದರೂ ಅಲುಗಲಿಲ್ಲ. ಮೈದುನ ಪಾನಾ ಹಾಕಿ ಎಡಕ್ಕೆ ತಿರುಗಿಸಿ ತಿರುಗಿಸಿ ಬೆವರಿದ. ಎಣ್ಣೆ ಬಿಟ್ಟ. ಸುತ್ತಿಗೆಯಿಂದ ಬಡಿದ. ಆಗ ಇವರು ಶುರು ಮಾಡಿದರು.

“ಬಲಕ್ಕೆ” ಅಂದರು. “ಬಲಕ್ಕೆ.”

“ಎಡಕ್ಕೆ ಅಂತಿದಾನೆ ಅಣ್ಣ. ಅದನ್ನೇ ಮಾಡ್ತಿದೀನಿ” ಅಂತ ಮೈದುನ ನನಗೆ ಹೇಳಿದ.

ಇವರು ಎಡಗೈ ಎತ್ತಿ ಗಾಳಿಯಲ್ಲಿ ತಿರುಗಿಸಿ ತೋರಿಸಿದರು. ಎದುರಿಗೆ ಕೂತವರ ಕೈ ಯಾವ ಕಡೆ ತಿರುಗಿತೋ ಯಾರು ನೋಡಿದರು? ನೋಡಿದ್ದರೂ ಉಲ್ಟಾ ಲೆಕ್ಕ ಇತ್ತಲ್ಲ. ಜಗತ್ತಿನ ಯಾವ ನಟ್ಟಾದರೂ ಎಡಕ್ಕೆ ತಿರುಗಿಸಿದರೆ ಸಡಿಲವಾಗುತ್ತದೆ, ಅಷ್ಟು ನನಗೂ ಗೊತ್ತು. ಮೈದುನ ಪಾನಾದ ಹಿಡಿಗೆ ತನ್ನ ಉದ್ದನೆಯ ಪೈಪು ತೂರಿಸಿದ. ಇವರು ಬಲಕ್ಕೆ, ಬಲಕ್ಕೆ ಅಂತ ಕೂಗುತ್ತಲೇ ಇದ್ದರು, ಕೂಗಿ ಕೂಗಿ ಬಾಯಂಚಿನಲ್ಲಿ ಜೊಲ್ಲು ಇಳಿದಿತ್ತು. ನಾನು ಸೆರಗಿನಿಂದ ಒರೆಸಿ, “ಹೂಂ, ಅವನಿಗೆ ಗೊತ್ತಾಯ್ತು, ನೀವು ಸುಮ್ಮನಿರಿ” ಅಂದೆ. ಮೈದುನ ಪೈಪಿನ ಮೇಲೆ ಹತ್ತಿ ನಿಂತ. ಟಕ್ ಅಂತ ಸದ್ದಾಯಿತು. ನಟ್ಟು ತನ್ನ ಬೋಲ್ಟಿನ ತುಂಡನ್ನು ಹೊಟ್ಟೆಯಲ್ಲಿಟ್ಟುಕೊಂಡೇ ನೆಲಕ್ಕೆ ಬಿದ್ದು ಉರುಳಿತು.

ಮೈದುನ ಅದನ್ನೆತ್ತಿಕೊಂಡು ಬಟ್ಟೆಯಿಂದ ಉಜ್ಜಿದ. ಬೋಲ್ಟಿನ ತುದಿಯಲ್ಲಿ ತುಕ್ಕಿನ ಕೆಳಗೆ ಒಂದು ಇಂಗ್ಲಿಷ್ ಅಕ್ಷರ ಕಂಡಿತು, ಎಲ್. ಲೆಫ್ಟು ಅಂದರೆ ಎಡ. ಅವನು ಪೈಪು ತೆಗೆದಿಟ್ಟು, ಪಕ್ಕದ ನಟ್ಟಿಗೆ ಬರೀ ಪಾನಾ ಹಾಕಿ ಬಲಕ್ಕೆ ತಿರುಗಿಸಿದ. ಕಿರ್ ಅಂತ ಒಂದು ಸದ್ದು ಮಾಡಿ ಅದು ಬೆಣ್ಣೆಯಷ್ಟು ಸಲೀಸಾಗಿ ಬಂತು. ಇನ್ನೊಂದೂ ಬಂತು. ಆ ಕಾಲದಲ್ಲಿ ಈ ಕಾರು ಮಾಡಿದವರು, ಓಡುವಾಗ ನಟ್ಟು ಸಡಿಲವಾಗದಿರಲಿ ಅಂತ ಎಡಗಡೆಯ ಚಕ್ರಗಳಿಗೆ ತಿರುವು ಮುರುವಾದ ಥ್ರೆಡ್ಡು ಕೊಟ್ಟಿದ್ದರು. ಅದು ಗೊತ್ತಿದ್ದದ್ದು ನಮ್ಮ ಮೂವರಲ್ಲಿ ಒಬ್ಬರಿಗೆ.

“ಅಣ್ಣ ಸರಿಯಾಗೇ ಹೇಳ್ತಿದ್ದ ಕಣತ್ತಿಗೆ” ಅಂದ ಮೈದುನ. ನಗಲು ಹೋದವನು ನನ್ನ ಮುಖ ನೋಡಿ ನಿಲ್ಲಿಸಿದ. ಆಮೇಲೆ ಮೆಲ್ಲಗೆ, “ಯಾವಾಗಿಂದ?” ಅಂದ.

ಆಸ್ಪತ್ರೆಯ ಆ ಹೆಂಗಸು ಸದ್ಯಕ್ಕೆ ಅಂದಿದ್ದರು. ಸದ್ಯಕ್ಕೆ ಅನ್ನುವುದು ಯಾವತ್ತು ಮುಗಿಯಿತು? ತಟ್ಟೆ ತಳ್ಳಿದ್ದು, ಮಂಚ ಗುದ್ದಿದ್ದು, ಕೊಟ್ಬಿಡು ಅಂದದ್ದು ಒಂದೊಂದೇ ನೆನಪಾಯಿತು. ಇವರ ಕಡೆ ತಿರುಗಿದೆ. ಅಳುತ್ತಿದ್ದರು. ನೀರು ಬೇಕಾ ಅಂತ ಕೇಳಿದೆ. ತುಟಿ ಪಿಟಕ್ಕೆನ್ನಲಿಲ್ಲ. ಮನೆಯೊಳಗೆ ಹೋಗೋಣವಾ ಅಂದೆ. ಅದಕ್ಕೂ ಇಲ್ಲ. ಹೇಳಿ ಪ್ರಯೋಜನವಿಲ್ಲ ಅಂತ ತೀರ್ಮಾನ ಮಾಡಿದವರ ಮುಖ ಹೇಗಿರುತ್ತದೆ ಅಂತ ನಾನು ನೋಡಿದ್ದು ಆವತ್ತು.

ಸಂಜೆ ನಾನು ಕುರ್ಚಿ ಎಳೆಯಲಿಲ್ಲ. ಹೊದಿಕೆ ಸರಿಮಾಡಿ, ದೀಪ ಆರಿಸಿ, ಬಾಗಿಲ ಹಿಂದೆ ನಿಂತೆ. ಸ್ವಲ್ಪ ಹೊತ್ತಿಗೆಲ್ಲ ಗೊರಕೆ ಕೇಳಿಸಿತು. ಅಷ್ಟು ಬೇಗ ಅವರು ನಿದ್ದೆ ಹೋದದ್ದನ್ನು ನಾನು ಕಾಯಿಲೆ ಬಂದಮೇಲೆ ಕಂಡಿರಲಿಲ್ಲ. ಹೋಗು ಅಂದದ್ದು ಹೋಗು ಅಂತಲೇ. ದೀಪ ಕಣ್ಣಿಗೆ ಚುಚ್ಚುತ್ತಿತ್ತು, ನಿದ್ದೆ ಬರುತ್ತಿತ್ತು, ಪಾಪ, ಈ ಹೆಂಗಸು ತೊಲಗಿದರೆ ಸಾಕಿತ್ತು. ನನ್ನದು ಅಂತ ಎದೆಗೊತ್ತಿಕೊಂಡಿದ್ದ ಮಾತು ನನ್ನದಲ್ಲ ಅಂತ ಗೊತ್ತಾಗಿ ನಾನು ಅಡುಗೆಮನೆಯ ನೆಲದ ಮೇಲೆ ಕೂತು ಅತ್ತೆ. ಅಳು ಮುಗಿಯುವ ಹೊತ್ತಿಗೆ ಇನ್ನೊಂದು ಹೊಳೆಯಿತು, ಅದು ಇದಕ್ಕಿಂತ ಕೆಟ್ಟದ್ದು. ಹಾಗಾದರೆ ಬೆಳಿಗ್ಗೆ ಹೊತ್ತು ಅವರು ಇರು ಅನ್ನುತ್ತಿದ್ದರಲ್ಲ.

ಮದುವೆಯಾದಾಗಿನಿಂದ ನಾನು ಕಾದಿದ್ದ ಮಾತನ್ನು ಆ ಮನುಷ್ಯ ದಿನಾ ಬೆಳಿಗ್ಗೆ ನೆಟ್ಟಗೆ ನನ್ನ ಮುಖಕ್ಕೇ ಹೇಳಿದ್ದರು. ನಾನು ನಗುತ್ತಾ ಸವತಿಯ ಸೀಟು ಹೊಲಿಯಲು ಹೋಗಿದ್ದೆ.

ಮರುದಿನ ಟೀ ಹಿಡಿದು ಹೋದವಳು ಮಂಚದ ಮೇಲೇ ಕೂತೆ. ಇರು ಅನ್ನಲಿ, ಈ ಸಲ ಇರುತ್ತೇನೆ ಅಂತ ಕಾದೆ. ಟೀ ಕುಡಿದು ಅವರು ನನ್ನನ್ನು ತುಂಬಾ ಹೊತ್ತು ನೋಡಿದರು. ಅವರ ಬಾಯಿ ಒಂದು ಮಾತಿಗೆ ತಯಾರಾಯಿತು, ಅದನ್ನು ಬಿಟ್ಟಿತು, ಇನ್ನೊಂದನ್ನು ಹುಡುಕಿತು. ಆಮೇಲೆ, “ಹೋಗು” ಅಂದರು.

ಏಳಲು ಹೋದೆ. ಏಳಲಾಗಲಿಲ್ಲ. ಅವರ ಎಡಗೈ ನನ್ನ ಮುಂಗೈಯನ್ನು ಹಿಡಿದಿತ್ತು, ಬಳೆ ಬಗ್ಗುವಷ್ಟು ಗಟ್ಟಿಯಾಗಿ.

ಆಗ ನನಗೆ ತಿಳಿಯಿತು. ನೆಟ್ಟಗೆ ಹೇಳಿದರೆ ಈ ಮನೆಯಲ್ಲಿ ಯಾರಿಗೂ ಕೇಳಿಸುವುದಿಲ್ಲ ಅಂತ ಅವರಿಗೆ ಮನವರಿಕೆಯಾಗಿತ್ತು. ನಮ್ಮ ಲೆಕ್ಕವನ್ನು ಅವರು ಕಲಿತುಬಿಟ್ಟಿದ್ದರು. ನನ್ನನ್ನು ಇರಿಸಿಕೊಳ್ಳಲು, ಅಷ್ಟು ಕಷ್ಟಪಟ್ಟು ಸರಿಮಾಡಿಕೊಂಡ ಮಾತನ್ನು ಮತ್ತೆ ತಿರುಗಿಸಿ ಹೇಳುತ್ತಿದ್ದರು.

ನೀವು ನೆಟ್ಟಗೇ ಹೇಳಿ, ಇನ್ನು ಮೇಲೆ ನನಗೆ ಅರ್ಥವಾಗುತ್ತೆ ಅಂತ ನಾನು ಬಾಯಿಬಿಟ್ಟು ಹೇಳಿದೆ, ಕೈ ಮುಗಿದು ಹೇಳಿದೆ. ಅವರು ಕೇಳಿಸಿಕೊಂಡರು. ಆದರೆ ನಂಬಲಿಲ್ಲ. ಮಾರನೇ ದಿನವೂ ಹೋಗು ಅಂತ ಕೈ ಹಿಡಿದರು, ಅದರ ಮಾರನೇ ದಿನವೂ. ಆಮೇಲೆ ನಾನು ತಿದ್ದಲು ಹೋಗಲಿಲ್ಲ. ಶೆಡ್ಡಿನಿಂದ ಮೈದುನ ಕರೆದರೆ, ಬರಲ್ಲ ಕಣೋ ಅಂತ ಕೂತಲ್ಲಿಂದಲೇ ಹೇಳುತ್ತಿದ್ದೆ.

ಮೈದುನ ಮುರಿದ ಬೋಲ್ಟಿಗೆ ಬದಲು ಹೊಸದು ಕೂರಿಸಿ, ಟೈರು ಹಾಕಿದ. ಔಷಧಿ ಅಂಗಡಿಯವರನ್ನು ಕರೆಸಿ ಕಾರನ್ನು ಕೊಟ್ಟುಬಿಟ್ಟೆ. ಎಡಗಡೆಯ ನಟ್ಟು ಬಲಕ್ಕೆ ಬಿಚ್ಚಬೇಕು, ಮರೀಬೇಡಿ ಅಂತ ಅವರಿಗೆ ಗೇಟಿನ ತನಕ ಹೋಗಿ ಹೇಳಿದೆ. ಗುಂಡಿ ಒತ್ತಿ ಅವರು ಹೊರಟಾಗ ನಮ್ಮವರು ಕಿಟಕಿಯ ಕಡೆ ತಿರುಗಲೂ ಇಲ್ಲ, ನಾನು ಒಳಗೆ ಬರುವುದನ್ನೇ ನೋಡುತ್ತಿದ್ದರು.

ಎರಡನೇ ಸ್ಟ್ರೋಕ್ ಬಂದದ್ದು ಒಂದು ಬೆಳಿಗ್ಗೆ, ಟೀ ಕುಡಿದಾದಮೇಲೆ. ಆಗಲೂ ನನ್ನ ಮುಂಗೈ ಅವರ ಕೈಯಲ್ಲೇ ಇತ್ತು.

ಮಾತಾಡಿಸಲು ಬಂದವರೆಲ್ಲ ಕೊನೆಗೆ ಏನಾದರೂ ಹೇಳಿದರಾ ಅಂತ ಕೇಳುತ್ತಾರೆ. ಹೋಗು ಅಂದರು ಅಂತ ನಾನು ಇದ್ದದ್ದನ್ನೇ ಹೇಳುತ್ತೇನೆ. ಬಂದವರ ಮುಖ ಸಣ್ಣಗಾಗುತ್ತದೆ, ಕಾಯಿಲೆಯವರ ಮಾತು ಮನಸ್ಸಿಗೆ ಹಚ್ಚಿಕೊಳ್ಳಬೇಡಿ ಅನ್ನುತ್ತಾರೆ. ಮೈದುನ ತಲೆ ತಗ್ಗಿಸುತ್ತಾನೆ. ನಾನು ಎದ್ದು ಅವರಿಗೆ ಟೀ ಮಾಡಲು ಹೋಗುತ್ತೇನೆ.