ಆರನೆಯ ಕಾಳು

ನನ್ನ ಅತ್ತೆ ಬೆನಿಟಾ ಟೀಚರಿಗೆ ಲೆಕ್ಕ ತಪ್ಪುವುದಿಲ್ಲ. ಮೂವತ್ತನಾಲ್ಕು ವರ್ಷ ಮಕ್ಕಳ ತಲೆ ಎಣಿಸಿ ಹಾಜರಿ ಹಾಕಿದವರು. ಸೆಪ್ಟೆಂಬರ್ ಮೊದಲ ವಾರ ಅವರು ಚರ್ಚಿನ ನಮ್ಮ ವಾರ್ಡಿನ ಮುಖ್ಯಸ್ಥ, ಗುರ್ಕಾರ ಬಾಸಿಲರಿಗೆ ಫೋನ್ ಮಾಡಿ, “ಈ ಸಲ ನಮ್ಮ ಮನೆಗೆ ಆರು ತೆನೆ ಬೇಕು” ಎಂದು ಹೇಳುವಾಗ ನಾನು ಪಕ್ಕದಲ್ಲೇ ಕೂತು ತೊಂಡೆಕಾಯಿ ಹೆಚ್ಚುತ್ತಿದ್ದೆ. ಆರು ಅಲ್ಲ, ಐದು. ಅದು ನನಗೆ ಗೊತ್ತಿತ್ತು, ನನ್ನ ಗಂಡ ರೂಬನ್‌ಗೆ ಗೊತ್ತಿತ್ತು. ನಾನು ಬಾಯಿ ಬಿಡದೆ ತೊಂಡೆಕಾಯಿ ಹೆಚ್ಚುತ್ತಲೇ ಹೋದೆ.

ಸೆಪ್ಟೆಂಬರ್ ಎಂಟು ನಮಗೆ ಮೊಂತಿ ಫೆಸ್ತ್. ಮಾತೆ ಮರಿಯಳು ಹುಟ್ಟಿದ ದಿನ, ಹೊಸ ಅಕ್ಕಿ ಉಣ್ಣುವ ದಿನವೂ ಹೌದು. ಇಗರ್ಜಿಯಲ್ಲಿ ಆಶೀರ್ವಾದ ಮಾಡಿದ ಭತ್ತದ ತೆನೆಯನ್ನು ಮನೆಗೆ ತಂದು ದೇವರ ಪೀಠದ, ಅಂದರೆ ಆಲ್ತಾರಿನ ಮುಂದೆ ಇಟ್ಟು, ಕಾಳು ಸುಲಿದು ತೆಂಗಿನ ಹಾಲು ಬೆಲ್ಲದಲ್ಲಿ ಹಾಕಿ ಎಲ್ಲರೂ ಕುಡಿಯಬೇಕು. ಮಂಗಳೂರು ಶಕ್ತಿನಗರದ ಈ ಮನೆಯ ಕ್ರಮ ಇನ್ನೂ ಖಡಕ್. ತಲೆಗೊಂದು ತೆನೆ, ಲೋಟಕ್ಕೊಂದು ಕಾಳು. ಮನೆಯಲ್ಲಿ ಇಲ್ಲದವರ ಕಾಳು ಲಕೋಟೆಯಲ್ಲಿ ಹೋಗುತ್ತದೆ. ರೂಬನ್‌ನ ತಮ್ಮ ಗೇವಿನ್ ದೋಹಾದಲ್ಲಿ ಇರುವುದರಿಂದ ಅವನಿಗೆ ಪ್ರತಿ ವರ್ಷ ಒಂದು ಲಕೋಟೆ. ಕಳೆದ ವರ್ಷ ನಮಗೂ ಬಂದಿತ್ತು, ಐರ್ಲೆಂಡಿನ ಕಾರ್ಕ್ ಊರಿಗೆ.

ನಾವು ಅಲ್ಲಿಗೆ ಹೋಗಿ ಎರಡು ವರ್ಷ. ರೂಬನ್ ರಸಾಯನಶಾಸ್ತ್ರದಲ್ಲಿ ಪಿಎಚ್‌ಡಿ ಮಾಡುತ್ತಾನೆ. ನಾನು ಅದೇ ಯೂನಿವರ್ಸಿಟಿಯಲ್ಲಿ ಮೊದಲ ವರ್ಷದವರಿಗೆ ಸಂಖ್ಯಾಶಾಸ್ತ್ರ ಕಲಿಸುತ್ತೇನೆ. ಏರು ರಸ್ತೆಯಲ್ಲಿ ಒಂದು ಸೈಕಲ್ ಅಂಗಡಿ, ಅದರ ಮೇಲೆ ನಮ್ಮ ಎರಡು ಕೋಣೆ. ನಾವು ಅದನ್ನು ಇವತ್ತಿನವರೆಗೆ ‘ರೂಮು’ ಎಂದೇ ಕರೆದದ್ದು. ರೂಮಿಗೆ ಹೋಗುವ, ರೂಮಿನ ಬೀಗ ಎಲ್ಲಿ, ರೂಮಿನಲ್ಲಿ ಅಕ್ಕಿ ಮುಗಿದಿದೆ. ಮನೆ ಎಂದರೆ ಮಂಗಳೂರು. ಕಳೆದ ಅಕ್ಟೋಬರಿನಲ್ಲಿ ಆ ರೂಮಿಗೆ ಲಕೋಟೆ ಬಂದಾಗ ಎರಡು ಕಾಳಿನಲ್ಲಿ ಒಂದು ಅಂಚೆಯ ಮುದ್ರೆಯ ಹೊಡೆತಕ್ಕೆ ಪುಡಿಯಾಗಿತ್ತು. ಪುಡಿ ನಿನಗೆ, ಇಡೀ ಕಾಳು ನನಗೆ ಎಂದು ನಾವು ಚಿಕ್ಕ ಮಕ್ಕಳ ಹಾಗೆ ಜಗಳ ಮಾಡಿ, ಡಬ್ಬಿಯ ತೆಂಗಿನ ಹಾಲಿನಲ್ಲಿ ಹಾಕಿ ಕುಡಿದೆವು. ಆಗ ನಾವು ತುಂಬಾ ನಗುತ್ತಿದ್ದೆವು.

ಈ ಜುಲೈ ಕೊನೆಯಲ್ಲಿ ವಿಡಿಯೋ ಕಾಲಿನಲ್ಲಿ ಮಮ್ಮಿಗೆ (ಅತ್ತೆಯನ್ನು ನಾನು ಕರೆಯುವುದು ಹಾಗೆ) ವಿಷಯ ಹೇಳಿದವನು ರೂಬನ್. ಎಂಟನೇ ವಾರ ಅಷ್ಟೇ, ಮೂರು ತಿಂಗಳು ತುಂಬಲಿ ಎಂದು ನಾನು ಹೇಳಿದ್ದೆ. ಅವನಿಗೆ ತಡೆಯಲಿಕ್ಕಾಗಲಿಲ್ಲ. ಆಗಸ್ಟ್ ಹದಿನಾಲ್ಕಕ್ಕೆ ಎಲ್ಲ ಮುಗಿಯಿತು. ಆಸ್ಪತ್ರೆಯ ಡಾಕ್ಟರಮ್ಮ ನನ್ನ ಕೈ ಹಿಡಿದು, ಇದು ತುಂಬಾ ಸಾಮಾನ್ಯ, ಐದಾರರಲ್ಲಿ ಒಂದು ಹೀಗಾಗುತ್ತದೆ ಎಂದರು. ಕ್ಲಾಸಿನಲ್ಲಿ ದಿನಾ ನಾನೇ ಹೇಳುವಂಥ ಮಾತು. ಸರಿ ಎಂದು ತಲೆ ಆಡಿಸಿದೆ. ಒಂದು ತೆಳು ಪುಸ್ತಿಕೆ ಕೊಟ್ಟು ಕಳಿಸಿದರು. ಬಸ್ಸಿನಲ್ಲಿ ರೂಬನ್ ಅದನ್ನು ಮೊದಲಿಂದ ಕೊನೆಯವರೆಗೆ ಓದಿದ, ಪರೀಕ್ಷೆಗೆ ಓದುವ ಹಾಗೆ.

ಆಮೇಲೆ ನನಗೆ ಅಳು ಬರಲಿಲ್ಲ. ಬರುತ್ತದೆ ಎಂದು ಕಾದೆ, ಬರಲಿಲ್ಲ. ಮರುದಿನ ಪೂರಕ ಪರೀಕ್ಷೆಯ ನಲವತ್ತು ಪೇಪರು ತಿದ್ದಿದೆ. ರೂಬನ್ ಬಚ್ಚಲು ತೊಳೆದ, ಒಣಗಿದ ಮೇಲೆ ಮತ್ತೊಮ್ಮೆ ತೊಳೆದ. ಆ ಸಂಜೆಯೇ ಮಮ್ಮಿ ವಿಡಿಯೋದಲ್ಲಿ ಬಂದು ಹಬ್ಬಕ್ಕೆ ಯಾವ ಬಣ್ಣದ ಸೀರೆ ತೆಗೆಯಲಿ ಎಂದು ಕೇಳಿದರು. ನಾನು ನೀಲಿ ಎಂದೆ. ಅರ್ಧ ಗಂಟೆ ಸೀರೆಯ ಮಾತಾಡಿದೆವು. ಫೋನ್ ಇಟ್ಟ ಮೇಲೆ ರೂಬನ್ ಹೇಳಿದ, “ಊರಿಗೆ ಹೋಗಿ ಎದುರಲ್ಲೇ ಹೇಳುವ.” ಟಿಕೆಟ್ ಮೊದಲೇ ಮಾಡಿ ಆಗಿತ್ತು.

ಬಜ್ಪೆಯಲ್ಲಿ ವಿಮಾನ ಇಳಿದ ಮೇಲೆ ಅವನ ರಾಗ ಬದಲಾಯಿತು. “ಹಬ್ಬ ಮುಗೀಲಿ ಮೆಲಿಸಾ. ಮಮ್ಮಿ ಈ ಹಬ್ಬಕ್ಕೆ ಅಂತ ವರ್ಷ ಇಡೀ ಕಾಯ್ತಾರೆ. ಒಂಬತ್ತಕ್ಕೆ ಹೇಳುವ.”

“ಹನ್ನೊಂದಕ್ಕೆ ನಾವು ವಾಪಸು ಹೋಗೋದಲ್ವಾ?”

“ಅದಕ್ಕೇ ಹೇಳಿದ್ದು, ಒಂಬತ್ತಕ್ಕೆ.”

ಹೇಳಿ ಎರಡೇ ದಿನಕ್ಕೆ ಹೊರಟುಬಿಡುವ ಉಪಾಯ. ನನ್ನ ಗಂಡ ಒಳ್ಳೆಯವನು, ಆದರೆ ಹೆದರುಪುಕ್ಕಲ. ನನಗೆ ಸಿಟ್ಟು ಬರಬೇಕಿತ್ತು. ಅದೂ ಸರಿಯಾಗಿ ಬರಲಿಲ್ಲ. ಹಲ್ಲು ಕೀಳುವಾಗ ಇಂಜೆಕ್ಷನ್ ಕೊಟ್ಟ ದವಡೆಯ ಹಾಗೆ, ಇದೆ ಎಂದು ಗೊತ್ತು, ಮುಟ್ಟಿದರೆ ಗೊತ್ತಾಗುವುದಿಲ್ಲ.

ಹತ್ತು ದಿನ ಮಮ್ಮಿ ನನ್ನನ್ನು ಬಗ್ಗಲು ಬಿಡಲಿಲ್ಲ, ಬಕೆಟ್ ಎತ್ತಲು ಬಿಡಲಿಲ್ಲ. ಪಪ್ಪಾಯ ಹಣ್ಣು ಮನೆಯೊಳಗೆ ಬರಲಿಲ್ಲ. ಪಕ್ಕದ ಮನೆಯ ಸ್ವರ್ಣಲತಕ್ಕ ಬೇಲಿಯ ಆಚೆಯಿಂದ ಹಬ್ಬಕ್ಕೆಂದು ಹರಿವೆ ದಂಟು, ಹೀರೆಕಾಯಿ ಕೊಟ್ಟು ನನ್ನ ಹೊಟ್ಟೆ ನೋಡಿ ನಕ್ಕರು. ನಾನೂ ನಕ್ಕೆ. ಮಾವ ಸೆವರಿನ್ ಮಾತು ಕಡಿಮೆಯವರು, ಅವರೂ ದಿನಾ ಸಂಜೆ ಮಾರ್ಕೆಟ್ಟಿನಿಂದ ನನಗೆಂದು ಒಂದು ದಾಳಿಂಬೆ ತರುತ್ತಿದ್ದರು. ತಟ್ಟೆಯಲ್ಲಿ ಬಿಡಿಸಿ ಕೊಡುತ್ತಿದ್ದರು. ನಾನು ಒಂದೊಂದೇ ಕಾಳು ತಿಂದು ಮುಗಿಸುತ್ತಿದ್ದೆ. ಸುಳ್ಳು ಹೇಳಲು ಬಾಯಿ ತೆರೆಯಲೇ ಬೇಕಿಲ್ಲ, ತಿಂದರೂ ಸಾಕಾಗುತ್ತದೆ ಎಂದು ಆಗ ಗೊತ್ತಾಯಿತು.

ಹಬ್ಬದ ಬೆಳಿಗ್ಗೆ ನೀಲಿ ಸೀರೆ ಉಟ್ಟು ಇಗರ್ಜಿಗೆ ಹೋದೆ. ಮಕ್ಕಳು ಬುಟ್ಟಿಯಲ್ಲಿ ಹೂ ತಂದು ಬಾಲ ಮರಿಯಳ ಮೂರ್ತಿಗೆ ಎರಚಿದರು. ಫಾದರ್ ಭತ್ತದ ಕಟ್ಟಿನ ಮೇಲೆ ತೀರ್ಥ ಚಿಮುಕಿಸಿದರು. ಪೂಜೆ ಮುಗಿದ ಮೇಲೆ ಅಂಗಳದಲ್ಲಿ ಬಾಸಿಲ್ ಪಟ್ಟಿ ನೋಡಿ ಮನೆಮನೆಯವರಿಗೆ ತೆನೆ ಹಂಚುತ್ತಿದ್ದರು. ಇನ್ನೊಂದು ಬದಿಯಲ್ಲಿ ಮಕ್ಕಳಿಗೆ ಕಬ್ಬು. ಬಾಸಿಲ್ ಮಮ್ಮಿಯ ಕೈಗೆ ಆರು ತೆನೆ ಎಣಿಸಿ ಕೊಟ್ಟವರು, ಓಡಿ ಹೋಗಿ ಒಂದು ಕಬ್ಬು ತಂದು ನನಗೆ ಹಿಡಿಸಿದರು.

“ಇದು ಮುಂದಿನ ವರ್ಷದವರಿಗೆ ಅಡ್ವಾನ್ಸ್, ಮಾರಾಯ್ತಿ!”

ಸುತ್ತ ನಿಂತವರೆಲ್ಲ ನಕ್ಕರು. ಕಬ್ಬು ನನ್ನಷ್ಟೇ ಎತ್ತರ ಇತ್ತು. ರೂಬನ್ ಅದನ್ನು ನನ್ನ ಕೈಯಿಂದ ತೆಗೆದುಕೊಳ್ಳಬಹುದಿತ್ತು. ಅವನು ಮೊಬೈಲ್ ನೋಡುತ್ತಿದ್ದ, ಮೊಬೈಲಿನ ಪರದೆ ಕಪ್ಪಾಗಿತ್ತು. ಕಾರಿನಲ್ಲಿ ಕಬ್ಬಿನ ತುದಿ ಕಿಟಕಿಯಿಂದ ಹೊರಗೆ ಇಟ್ಟು, ಬುಡ ನನ್ನ ಮಡಿಲಲ್ಲಿ ಇಟ್ಟುಕೊಂಡು ಶಕ್ತಿನಗರದವರೆಗೆ ಬಂದೆ.

ಮನೆಗೆ ಬಂದು ಕಾಲು ತೊಳೆಯುವಾಗ ರೂಬನ್ ಹತ್ತಿರ ಬಂದು ಪಿಸುಗುಟ್ಟಿದ. “ಒಂದು ಅಕ್ಕಿ ಕಾಳು ಹೆಚ್ಚು ನುಂಗಿದ್ರೆ ಎಂತ ಆಗ್ತದೆ? ಇವತ್ತೊಂದು ದಿನ ಸುಧಾರಿಸು.”

“ನೀನು ನುಂಗ್ತೀಯಾ?”

ಅವನು ನಲ್ಲಿ ನಿಲ್ಲಿಸಿ ಒಳಗೆ ಹೋದ.

ಆಲ್ತಾರಿನ ಮುಂದೆ ಮೇಣದಬತ್ತಿ ಹಚ್ಚಿ ಪ್ರಾರ್ಥನೆ ಮಾಡಿ ಎಲ್ಲರೂ ಮೇಜಿಗೆ ಕೂತೆವು. ಬಾಳೆ ಎಲೆಯಲ್ಲಿ ಏಳು ಬಗೆಯ ತರಕಾರಿ ಬಡಿಸಿ ಆಗಿತ್ತು. ಹಬ್ಬಕ್ಕೆ ಮೀನು ಮಾಂಸ ಇಲ್ಲ. ಮೊದಲು ಹೊಸ ಕಾಳಿನ ಹಾಲು ಕುಡಿದು ಆಮೇಲೆ ಊಟ. ಮಮ್ಮಿ ಕನ್ನಡಕ ಹಾಕಿ, ಒಂದೊಂದು ತೆನೆಯಿಂದ ಒಂದೊಂದು ಕಾಳು ಬಿಡಿಸಿ ಉಗುರಿನಿಂದ ಸಿಪ್ಪೆ ಸುಲಿದರು. ಮೊದಲ ಕಾಳು ಗೇವಿನ್‌ನದ್ದು. ಅದನ್ನು ಲಕೋಟೆಯಲ್ಲಿ ಹಾಕಿ, ದುಂಡನೆಯ ಟೀಚರ್ ಅಕ್ಷರದಲ್ಲಿ ಹೆಸರು ಬರೆದು, ಕೆಳಗೆ ದೋಹಾದ ವಿಳಾಸ ಬರೆದರು. ಆಮೇಲೆ ಸ್ಟೀಲ್ ಲೋಟಗಳು. ಮಾವನ ಲೋಟಕ್ಕೆ ಒಂದು, ತನ್ನದಕ್ಕೆ ಒಂದು, ರೂಬನ್‌ನದಕ್ಕೆ ಒಂದು. ನನ್ನ ಲೋಟದಲ್ಲಿ ಟಿಣ್ ಎಂದು ಒಂದು ಸದ್ದಾಯಿತು, ಮತ್ತೆ ಟಿಣ್ ಎಂದು ಇನ್ನೊಂದು.

“ನಿನ್ನದೊಂದು, ನಮ್ಮ ಪುಟ್ಟಂದು ಒಂದು,” ಎಂದರು.

ನಾನು ಬಗ್ಗಿ ನೋಡಿದೆ. ಲೋಟದ ತಳದಲ್ಲಿ ಎರಡು ಕಾಳು ಪಕ್ಕ ಪಕ್ಕ ಇದ್ದವು. ಒಂದು ಸ್ವಲ್ಪ ಕೆಂಪು, ಒಂದು ಬಿಳಿ. ಮಮ್ಮಿ ಹಾಲಿನ ಪಾತ್ರೆ ಹಿಡಿದು ಮಾವನಿಗೆ ಹಾಕಿದರು, ರೂಬನ್‌ಗೆ ಹಾಕಿದರು. ನನ್ನ ಹತ್ತಿರ ಬಂದಾಗ ನಾನು ಲೋಟದ ಮೇಲೆ ಕೈ ಅಡ್ಡ ಇಟ್ಟೆ. ಸಾಕು ಎನ್ನುವವರು ಇಡುತ್ತಾರಲ್ಲ, ಹಾಗೆ. ನಾನು ಯೋಚಿಸಿ ಮಾಡಿದ್ದಲ್ಲ, ಕೈ ತಾನಾಗಿ ಹೋಯಿತು.

“ಕೈ ತೆಗಿ ಮಗಾ.”

“ಮಮ್ಮಿ, ಎರಡನೆಯದು ಬೇಡ. ಮಗು ಇಲ್ಲ. ಹೋಯ್ತು.”

ರೂಬನ್ “ಮೆಲಿಸಾ” ಎಂದ. ಮಾವ ಬಾಯಿಯ ಹತ್ತಿರ ತಂದಿದ್ದ ಲೋಟವನ್ನು ಮೆಲ್ಲಗೆ ಕೆಳಗಿಟ್ಟರು. ಮಮ್ಮಿ ಪಾತ್ರೆ ಹಿಡಿದೇ ನಿಂತಿದ್ದರು.

“ಯಾವಾಗ?”

“ಆಗಸ್ಟ್ ಹದಿನಾಲ್ಕು.”

ಅವರು ಮನಸ್ಸಿನಲ್ಲೇ ಎಣಿಸುವುದು ನನಗೆ ಕಂಡಿತು. “ಹದಿನೈದಕ್ಕೆ ನಾನು ಫೋನ್ ಮಾಡಿದ್ದೆ.”

“ಹೌದು.”

“ಸೀರೆಯ ಬಗ್ಗೆ ಕೇಳಿದೆ ನಾನು.” ಪಾತ್ರೆ ಮೇಜಿನ ಮೇಲೆ ಇಟ್ಟರು. “ದೇವರೇ, ಸೀರೆಯ ಬಗ್ಗೆ.” ಆಮೇಲೆ ಮಗನ ಕಡೆ ತಿರುಗಿದರು. ಹಳೆಯ ಟೀಚರ್ ಸ್ವರ ಬಂತು. “ಹತ್ತು ದಿನದಿಂದ ಇವಳನ್ನು ಊರಿಡೀ ತೋರಿಸ್ತಾ ಇದ್ದೇನೆ ನಾನು. ಆ ಕಬ್ಬು ಹಿಡಿದು ನಿಂತಿದ್ದಾಳೆ ಇವಳು. ನಿಂಗೆ ನಾಲಿಗೆ ಇಲ್ವಾ?”

“ಹಬ್ಬ ಮುಗೀಲಿ ಅಂತ...”

“ಹಬ್ಬ ಯಾರಿಗೆ, ಮಾರಾಯ?”

ಎಲೆಯ ಮೇಲೆ ಹರಿವೆ ದಂಟಿನ ಸಾರು ಮೆಲ್ಲಗೆ ಅನ್ನದ ಕಡೆ ಹರಿಯುತ್ತಿತ್ತು. ನಾನು ಬೆರಳಿನಿಂದ ಅದನ್ನು ತಡೆದೆ. ಅಳು ಬರುತ್ತದೋ ಎಂದು ಮತ್ತೆ ಕಾದೆ. ಬರಲಿಲ್ಲ.

ಮಮ್ಮಿ ನನ್ನ ಕೈಯನ್ನು ಲೋಟದ ಮೇಲಿಂದ ತೆಗೆದು ಸ್ವಲ್ಪ ಹೊತ್ತು ಹಿಡಿದುಕೊಂಡರು. ಲೋಟ ಓರೆ ಮಾಡಿ ಬಿಳಿ ಕಾಳನ್ನು ತನ್ನ ಅಂಗೈಗೆ ತೆಗೆದುಕೊಂಡರು. ಆಶೀರ್ವಾದದ ಕಾಳು, ಬಿಸಾಡುವ ಹಾಗಿಲ್ಲ. ತೆನೆಗೆ ತಿರುಗಿ ಅಂಟಿಸುವ ಹಾಗೂ ಇಲ್ಲ.

ಮಾವ ಗಂಟಲು ಸರಿ ಮಾಡಿ, “ನನ್ನ ಲೋಟಕ್ಕೆ ಹಾಕು ಬೆನಿಟಾ, ನಾನು ಕುಡೀತೇನೆ,” ಎಂದರು.

“ಒಬ್ಬರ ಪಾಲು ಇನ್ನೊಬ್ಬರು ಕುಡಿಯುವ ಕ್ರಮ ಈ ಮನೆಯಲ್ಲಿ ಇಲ್ಲ,” ಎಂದು ಮಮ್ಮಿ ಕಪಾಟಿನಿಂದ ಇನ್ನೊಂದು ಲಕೋಟೆ ತಂದರು. ಗೇವಿನ್‌ನ ಲಕೋಟೆಯ ಪಕ್ಕದಲ್ಲಿಟ್ಟು, ಕಾಳು ಒಳಗೆ ಹಾಕಿ, ಪೆನ್ನಿನ ಮುಚ್ಚಳ ತೆಗೆದು ಕೂತರು. “ಹೆಸರು ಎಂತ ಇಟ್ಟಿದ್ರಿ?”

ಹೆಸರು ಇಟ್ಟಿರಲಿಲ್ಲ. ಹತ್ತೇ ವಾರ. ಗಂಡೋ ಹೆಣ್ಣೋ ಗೊತ್ತಿಲ್ಲ. ಇಲ್ಲ ಎಂದು ನಾನು ಹೇಳುವುದರಲ್ಲಿದ್ದೆ.

“ಆಂಡ್ರಿಯಾ,” ಎಂದ ರೂಬನ್.

ನಾನು ಅವನ ಕಡೆ ನೋಡಿದೆ. ಅವನು ಎಲೆ ನೋಡುತ್ತಿದ್ದ. ಮೂಗು ಕೆಂಪಾಗಿತ್ತು. “ಹೆಣ್ಣು ಅಂತ ನನಗೆ ಇತ್ತು,” ಎಂದ. “ಸುಮ್ಮನೆ. ಬಸ್ಸಲ್ಲಿ ಹೋಗುವಾಗೆಲ್ಲ ಹಾಗೇ ಕರೀತಿದ್ದೆ.” ನಾನು ಆ ಬಸ್ಸಿನಲ್ಲಿ ಅವನ ಪಕ್ಕದಲ್ಲೇ ಕೂತು ಹೋಗುತ್ತಿದ್ದೆ. ಒಂದು ದಿನವೂ ಅವನು ನನ್ನ ಹತ್ತಿರ ಹೇಳಿರಲಿಲ್ಲ. ಬಚ್ಚಲು ಎರಡೆರಡು ಸಲ ತೊಳೆದವನ ಮೇಲೆ ಮೂರು ವಾರದಿಂದ ಬಾರದ ಸಿಟ್ಟು ಆಗ ಬಂತು, ಅದರ ಬೆನ್ನಿಗೇ ಪ್ರೀತಿಯೂ ಬಂತು. ಎರಡೂ ಒಟ್ಟಿಗೆ ಬಂದು ನನ್ನ ಎದೆ ನೋಯಿತು. ನೋವಾಯಿತು ಎಂದು ಗೊತ್ತಾದದ್ದೇ ನನಗೆ ದೊಡ್ಡದು.

ಮಮ್ಮಿ ಬರೆದರು. ಆಂಡ್ರಿಯಾ ಕ್ರಾಸ್ತಾ. ಗೇವಿನ್ ಕ್ರಾಸ್ತಾ ಎಂದು ಬರೆದ ಅದೇ ದುಂಡನೆಯ ಅಕ್ಷರ. ಹೆಸರಿನ ಕೆಳಗೆ ಪೆನ್ನು ಬಂದು ನಿಂತಿತು. ಅಲ್ಲಿ ವಿಳಾಸ ಬರಬೇಕು. ಅವರು ಪೆನ್ನು ಎತ್ತಲಿಲ್ಲ, ಬರೆಯಲೂ ಇಲ್ಲ. ಶಾಯಿ ಒಂದು ಚುಕ್ಕೆಯಾಗಿ ಕಾಗದದಲ್ಲಿ ಹರಡಿತು.

ರೂಬನ್ ಮೆಲ್ಲಗೆ ಹೇಳಿದ, “ಮಮ್ಮಿ, ಇಲ್ಲೇ ಆಲ್ತಾರಿನ ಹತ್ತಿರ ಇಡಿ.”

“ಬೇಡ,” ಎಂದೆ ನಾನು. ನನ್ನ ಸ್ವರ ನನಗೇ ಜೋರಾಗಿ ಕೇಳಿತು. “ಕಾರ್ಕಿಗೆ ಕಳಿಸಿ. ವಿಳಾಸ ನಿಮಗೆ ಗೊತ್ತುಂಟಲ್ಲ.”

“ನಿಮ್ಮ ರೂಮಿನದ್ದಾ?”

“ನಮ್ಮ ಮನೆದು. ಅವಳು ಇದ್ದದ್ದು ಅಲ್ಲಿ.”

ಮಮ್ಮಿ ಒಮ್ಮೆ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿ ಮತ್ತೆ ಹಾಕಿಕೊಂಡರು. ಆಮೇಲೆ ಚುಕ್ಕೆಯ ಪಕ್ಕದಿಂದ ಶುರುಮಾಡಿ, ಬೀದಿಯ ಹೆಸರು, ಸೈಕಲ್ ಅಂಗಡಿಯ ಹೆಸರು, ಎರಡನೇ ಮಾಳಿಗೆ ಎಂದು ನೋಡದೆಯೇ ಬರೆದರು. ಲಕೋಟೆ ಅಂಟಿಸಿ, ಗೇವಿನ್‌ನ ಲಕೋಟೆಯ ಮೇಲಿಟ್ಟರು.

“ನಾಳೆ ಪೋಸ್ಟ್ ಮಾಡ್ತೇನೆ. ಮುಟ್ಲಿಕ್ಕೆ ಒಂದು ತಿಂಗಳು ಬೇಕು.”

“ಅಷ್ಟರೊಳಗೆ ನಾವು ಮನೆಗೆ ಮುಟ್ಟಿರ್ತೇವೆ,” ಎಂದ ರೂಬನ್.

ಮಮ್ಮಿ ನನ್ನ ಲೋಟಕ್ಕೆ ಹಾಲು ಹಾಕಿದರು. ಒಂದೇ ಕಾಳು ಹಾಲಿನಡಿ ಮುಳುಗಿತು. ನಾನು ಕುಡಿದೆ.