ತುಂಬಿದ ಗುಂಡಿಯ ಮರ್ಯಾದೆ

"ಎಲ್ರೂ ಸ್ವಲ್ಪ ಮೂಗು ಮುಚ್ಕೊಳ್ಳಿ, ಅಭ್ಯರ್ಥಿಗಳು ಬಂದ್ರು!"

ವಾರ್ಡಿನ ಸಭಾಂಗಣದ ವೇದಿಕೆಯ ಮೇಲಿಂದ ಹಾಲಿ ಸದಸ್ಯರು ಮೈಕಿನಲ್ಲೇ ಹೀಗೆಂದು, ತಾವೇ ಮೊದಲು ಕರವಸ್ತ್ರ ತೆಗೆದು ಮೂಗಿಗೆ ಹಿಡಿದರು. ಇನ್ನೂರು ಕುರ್ಚಿಗಳು ಒಟ್ಟಿಗೆ ನಕ್ಕವು. ಬಾಗಿಲಲ್ಲಿ ಪೈಪನ ಜೊತೆ ನಿಂತಿದ್ದ ಅವನ ಭಾವನೂ ನಕ್ಕುಬಿಟ್ಟ; ಅಕ್ಕ ಪಕ್ಕೆಗೆ ತಿವಿದ ಮೇಲೆ ಅದನ್ನು ಕೆಮ್ಮು ಮಾಡಿಕೊಂಡ.

ಪೈಪ ಎಂದು ಊರು ಕರೆಯುತ್ತಿದ್ದದ್ದು ಶೌಚದ ಗುಂಡಿ ಖಾಲಿ ಮಾಡುವ ಲಾರಿಯವನನ್ನು; ಈ ಸಲ ವಾರ್ಡಿನ ಚುನಾವಣೆಗೆ ಸದಸ್ಯರ ಎದುರು ನಿಂತಿದ್ದ. ಏಳನೇ ಕ್ಲಾಸಿನಲ್ಲಿ ಮೇಷ್ಟರ ಜೊತೆ ಜಗಳವಾಡಿ ಹೊರಬಿದ್ದು ಅಪ್ಪನ ಲಾರಿ ಹತ್ತಿದ್ದ. ಅಪ್ಪ ಹೋದ ಮೇಲೆ ಲಾರಿಯೂ ಮೂಗಿನ ತುದಿಯ ಕೋಪವೂ ಅವನ ಪಾಲಿಗೆ ಬಂದವು. ಅವನ ಪ್ರಣಾಳಿಕೆಯಲ್ಲಿದ್ದದ್ದು ಒಂದೇ ಸಾಲು: ಮನೆಗಳ ಹೊಲಸು ಹಳ್ಳಕ್ಕೆ ಬೀಳಬಾರದು. ಹಳ್ಳದ ದಂಡೆಯಲ್ಲೇ ಅಕ್ಕನ ಮನೆ. ಅವಳ ಬಾವಿಯ ನೀರು ಕುಡಿಯುವುದಿರಲಿ, ಕಾಲು ತೊಳೆಯುವುದಕ್ಕೂ ಲಾಯಕ್ಕಿಲ್ಲದೆ ವರ್ಷಗಳೇ ಆಗಿದ್ದವು.

ಮತ ಕೇಳುವುದೇ ಒಂದು ಪಾಡು. ಬಾಗಿಲು ಬಡಿದರೆ ಒಳಗಿಂದಲೇ, "ಇನ್ನೂ ತುಂಬಿಲ್ಲಪ್ಪ, ಮುಂದಿನ ತಿಂಗಳು ಬಾ!"

"ಅಮ್ಮಾ, ನಾನು ವೋಟು ಕೇಳೋಕೆ ಬಂದಿದ್ದೀನಿ."

"ಮೆತ್ತಗೆ ಮಾತಾಡೋ ಮಾರಾಯ! ಪಕ್ಕದ ಮನೆಯವ್ರು ಏನಂದ್ಕೋತಾರೆ?"

ದರ್ಜಿಯಂತೂ ಹೋದ ಸಲ ಪಿಸುಮಾತಿನಲ್ಲಿ ಫೋನು ಮಾಡಿ, ನೆಂಟರು ಬಂದಿದ್ದಾರೆ, ಲಾರಿಯನ್ನು ಬೀದಿಯ ಕೊನೆಯಲ್ಲಿ ನಿಲ್ಲಿಸು ಎಂದಿದ್ದ. ಅಷ್ಟುದ್ದದ ಪೈಪು ಯಾವ ದೇವರು ಕೊಡುತ್ತಾನೆ?

ವಾರ್ಡಿನ ಇನ್ನೂರ ಹದಿನಾಲ್ಕು ಮನೆಗಳ ಪೈಕಿ ಒಂದನ್ನು ಬಿಟ್ಟು ಎಲ್ಲದರ ಹಿತ್ತಿಲನ್ನೂ ಪೈಪ ಕಂಡಿದ್ದ. ಕಾಣದೆ ಉಳಿದದ್ದು ಸದಸ್ಯರದೇ ಮನೆ. ಮೂರು ಮಹಡಿ, ಐದು ಬಚ್ಚಲು, ಹನ್ನೊಂದು ಜನ. ಅಪ್ಪನ ಕಾಲದಿಂದಲೂ ಅಲ್ಲಿಂದ ಒಂದು ಕರೆಯೂ ಬಂದಿರಲಿಲ್ಲ. ಹನ್ನೊಂದು ಜನ ಉಂಡರೂ ತುಂಬದ ಗುಂಡಿ ಎಂದರೆ ಅದೇನು ಅಕ್ಷಯಪಾತ್ರೆಯ ಉಲ್ಟಾ ಅವತಾರವೇ? ಆ ಮನೆಯ ಬೆನ್ನಿಗೇ ಹಳ್ಳ.

ಆದರೂ ಬಾಯಿ ಬಿಡುವಂತಿರಲಿಲ್ಲ. "ಹಿತ್ತಿಲ ಮಾತು ಬೀದೀಲಿ ಆಡ್ಬಾರ್ದು ಮಗಾ," ಎಂದು ಅಪ್ಪ ಹೇಳಿ ಹೋಗಿದ್ದ. "ಆಡಿದ ದಿನ ನಮಗೆ ಯಾರೂ ಗೇಟು ತೆಗೆಯಲ್ಲ." ಹೇಳಿದರೆ ಅನ್ನ ಹೋಯಿತು, ಹೇಳದಿದ್ದರೆ ಅಕ್ಕನ ಬಾವಿ ಹೋಯಿತು.

ಈಗ ಸಭೆಯಲ್ಲಿ ಪೈಪ ವೇದಿಕೆ ಹತ್ತಿ, ಸಿಟ್ಟಿನಲ್ಲೇ ಮೈಕು ಹಿಡಿದ. "ಹಳ್ಳಕ್ಕೆ ಹೊಲಸು ಬೀಳ್ತಾ ಇದೆ. ನಿಲ್ಬೇಕು."

"ಯಾರ ಮನೇದು?" ಸದಸ್ಯರು ಕುರ್ಚಿಯಿಂದಲೇ ಕೂಗಿದರು. "ಗಂಡಸಾದ್ರೆ ಹೆಸರು ಹೇಳು!"

ಪೈಪ ಅಕ್ಕನ ಕಡೆ ನೋಡಿದ. ಅವಳು ತುಟಿಯ ಮೇಲೆ ಬೆರಳಿಟ್ಟಳು. ಅವನು ಮೈಕಿಗೆ ತಿರುಗಿ, "ಅದು ಹೇಳೋ ಹಾಗಿಲ್ಲ," ಎಂದ. ಸಭೆ ಮತ್ತೆ ಗೊಳ್ಳೆಂದಿತು.

ಅಷ್ಟು ಸಾಲದೆಂಬಂತೆ ಮುಂದಿನ ಸಾಲಿನಿಂದ ಸದಸ್ಯರ ತಾಯಿ ಊರುಗೋಲು ಕುಟ್ಟುತ್ತಾ ಎದ್ದರು. "ನನ್ ಮಗನ ಎದುರು ನಿಲ್ಲೋಕೆ ಯೋಗ್ಯತೆ ಬೇಕು ಕಣೋ! ನಾನು ಆ ಮನೆಗೆ ಸೊಸೆಯಾಗಿ ಬಂದು ಐವತ್ತು ವರ್ಷ ಆಯ್ತು. ಒಂದು ದಿನ, ಒಂದೇ ಒಂದು ದಿನ, ನಿಮ್ಮ ನಾತದ ಲಾರಿ ನಮ್ಮ ಗೇಟಿಗೆ ಬಂದಿದ್ಯಾ? ಹೇಳು! ಅಷ್ಟು ಶುದ್ಧದ ಮನೆ ನಮ್ದು!"

"ಅಮ್ಮಾ, ಕೂತ್ಕೋ," ಎಂದರು ಸದಸ್ಯರು.

"ಯಾಕೋ ಕೂರ್ಲಿ? ಇದ್ದದ್ದು ಹೇಳಿದ್ರೆ ನಿಂಗೇನು ಕಷ್ಟ?"

ಅಲ್ಲಲ್ಲಿ ಜನ ಬೆರಳು ಮಡಿಸಿ ಲೆಕ್ಕ ಹಾಕತೊಡಗಿದರು. ಮೂರನೇ ಸಾಲಿನಿಂದ ಕ್ಷೌರದವನು ಎದ್ದ. "ಅಲ್ಲ ಅಜ್ಜಿ, ನಮ್ಮನೇಲಿ ನಾಲ್ಕೇ ಜನ. ನಮ್ದೇ ಎರಡು ವರ್ಷಕ್ಕೆ ತುಂಬುತ್ತೆ. ಐವತ್ತು ವರ್ಷದಿಂದ ನಿಮ್ದು ಎಲ್ಲಿಗೆ ಹೋಗ್ತಿದೆ?"

ಅಜ್ಜಿ ತಿರುಗಿ ಮಗನ ಮುಖ ನೋಡಿದರು. ಮಗನ ಕರವಸ್ತ್ರ ಮೂಗಿನಿಂದ ಹಣೆಗೆ ಏರಿತ್ತು.

ಮೊದಲು ಎದೆಯುಬ್ಬಿಸಿದವನು ದರ್ಜಿ. "ನಮ್ದು ತುಂಬಿದೆ! ನಾಳೆ ಬಾರಪ್ಪ, ಲಾರೀನ ಬಾಗಿಲ ಮುಂದೇನೇ ನಿಲ್ಸು!"

"ನಮ್ದು ಉಕ್ತಾ ಇದೆ!"

"ನಾವು ಹೋದ ತಿಂಗಳೇ ತೆಗೆಸಿದ್ದು, ಬೇಕಾದ್ರೆ ಇವನನ್ನೇ ಕೇಳಿ!"

ಗುಂಡಿ ಅರ್ಧವೂ ತುಂಬದವರೂ ಕೈ ಎತ್ತಿ ಕೂಗಿದರು. ಮಗಳ ಸಂಬಂಧಕ್ಕೆ ಬಂದಿದ್ದ ಬೀಗರ ಎದುರೇ ಒಬ್ಬಾಕೆ, "ನಮ್ದು ವರ್ಷಕ್ಕೆ ಎರಡು ಸಲ!" ಎಂದು ಮೆರೆದಳು.

"ಏಯ್!" ಸದಸ್ಯರು ಪೈಪನತ್ತ ಬೆರಳು ಚಾಚಿದರು. "ಏನೋ ಹೇಳ್ಕೊಟ್ಟಿದ್ದೀಯ ಇವ್ರಿಗೆಲ್ಲ? ನಮ್ಮನೇದು ಎಲ್ಲಿಗೆ ಹೋಗುತ್ತೆ ಅಂತ ನೀನು ಕಂಡಿದ್ದೀಯಾ? ಮಾತಾಡೋ!"

ಪೈಪನ ನಾಲಿಗೆಯ ತುದಿಗೆ ಇಡೀ ಹಳ್ಳವೇ ಬಂದು ನಿಂತಿತ್ತು. ಅದನ್ನು ಅಲ್ಲೇ ಕಟ್ಟೆ ಹಾಕಿ ನಿಲ್ಲಿಸಿ, ಮೈಕನ್ನು ಸದಸ್ಯರ ಮುಂದಿನ ಮೇಜಿನ ಮೇಲೆ ಮೆಲ್ಲಗೆ ಇಟ್ಟ. ಮೆಟ್ಟಿಲಿಳಿದು ಕುರ್ಚಿಗಳ ನಡುವೆ ನಡೆದ. ಭಾವ ಓಡಿಹೋಗಿ ಬಾಗಿಲು ತೆರೆದು ಹಿಡಿದ.

"ಮಾತಾಡೋ ಅಂದ್ರೆ!"

ಪೈಪ ತಿರುಗಿಯೂ ನೋಡದೆ ಲಾರಿಯ ಕಡೆ ನಡೆದ. ಹಿತ್ತಿಲ ಮಾತನ್ನು ಅವನ ಬದಲು ಬೀದಿಯೇ ಆಡಿಬಿಟ್ಟಿತ್ತು.