ನಾರ್ಬರ್ಟನ ಬೆನ್ನ ಮೇಲಿನ ಹೆಸರು

ನನ್ನ ಅಣ್ಣ ನಾರ್ಬರ್ಟ್ ಯಾವ ಆಟಗಾರನ ಹೆಸರಿನ ಅಂಗಿ ಕೊಂಡರೂ ಆ ಆಟಗಾರ ಊರು ಬಿಡುತ್ತಾನೆ. ಇದು ನಾನೊಬ್ಬಳೇ ಹೇಳುವ ಮಾತಲ್ಲ, ಪೋರ್ಟ್ ಕ್ಯಾಲಮ್‌ನ ಬೇಸ್‌ಬಾಲ್ ಹುಚ್ಚರೆಲ್ಲ ಒಪ್ಪಿದ ಸತ್ಯ. ಅವನು ಹೊಸ ಅಂಗಿ ತೊಟ್ಟು ಮೈದಾನಕ್ಕೆ ಹೋದನೆಂದರೆ ಸಾಕು, ನಮ್ಮ ಹೆರನ್ಸ್ ತಂಡ ಆ ಆಟಗಾರನನ್ನು ಬೇರೆ ಊರಿಗೆ ಸಾಗಹಾಕಿ, ಬದಲಿಗೆ ಮೀಸೆ ಮೂಡದ ಇಬ್ಬರನ್ನು ತಂದಿರುತ್ತದೆ. ಕೇಳಿದರೆ "ತಂಡವನ್ನು ಹೊಸದಾಗಿ ಕಟ್ಟುತ್ತಿದ್ದೇವೆ" ಎನ್ನುತ್ತಾರೆ. ಕಟ್ಟುತ್ತಲೇ ನಾಲ್ಕು ವರ್ಷವಾಯಿತು, ಇನ್ನೂ ಪಾಯವೇ ಮೇಲೆ ಬಂದಿಲ್ಲ. ಊರ ಪತ್ರಿಕೆಯವರು ಅಣ್ಣನ ಫೋಟೋ ಹಾಕಿ 'ಅಪಶಕುನದ ಬೆನ್ನು' ಎಂದು ಬರೆದಿದ್ದರು.

ಆದ್ದರಿಂದಲೇ ಎಲಿಸಿಯೊ ಬಂದ ಮೇಲೆ ಅಣ್ಣ ಹೆಸರಿಲ್ಲದ ಬೋಳು ಬೆನ್ನಿನ ಅಂಗಿಯಲ್ಲೇ ತಿರುಗುತ್ತಿದ್ದ. ಎಲಿಸಿಯೊ ನಮ್ಮ ಶಾರ್ಟ್‌ಸ್ಟಾಪ್, ಎರಡನೇ ಮೂರನೇ ಬೇಸುಗಳ ನಡುವೆ ನಿಂತು ಚೆಂಡು ತಡೆಯುವವನು. ಬ್ಯಾಟು ಹಿಡಿದರೆ ಅಷ್ಟಕ್ಕಷ್ಟೇ. ಆದರೆ ಮೈದಾನದಲ್ಲಿ ನಿಂತರೆ, ಕರು ತಾಯಿಯ ಬಳಿ ಓಡಿದ ಹಾಗೆ ಚೆಂಡು ಅವನ ಕೈಗೆ ಓಡುತ್ತದೆ. ಅವನನ್ನು ನೋಡುವಾಗ ಅಣ್ಣನ ಮುಖ ಹಬ್ಬದ ಮನೆಯಾಗುತ್ತಿತ್ತು.

ಈ ಚಳಿಗಾಲ ಬೇರೆ ತಂಡದ ಆಟಗಾರ ಬ್ರಾಕ್ ಟಿಲರಿಯ ಕರಾರು ಮುಗಿಯಿತು. ದೊಡ್ಡ ಹೆಸರು, ಅದಕ್ಕಿಂತ ದೊಡ್ಡ ಬೆಲೆ. ಯಾರು ಹೆಚ್ಚು ಕೊಡುತ್ತಾರೋ ಅವರ ಪಾಲು. ಅವನದೂ ಅದೇ ಶಾರ್ಟ್‌ಸ್ಟಾಪ್ ಜಾಗ. ಹೆರನ್ಸ್‌ನವರು ಅವನ ಬೆನ್ನು ಹತ್ತಿದ್ದಾರೆಂಬ ಸುದ್ದಿ ಬಂದದ್ದೇ ನನ್ನ ಪಾನಗೃಹ ಎರಡು ಹೋಳಾಯಿತು.

"ಕೊಳ್ಳಲೇಬೇಕು," ಎಂದ ಕೊಳಾಯಿ ರಿಪೇರಿಯ ಮರ್ವಿನ್. "ಎಷ್ಟು ದಿನ ಅಂತ ಸೋಲೋದು?"

"ಗೋಡೆಯೇ ಎದ್ದಿಲ್ಲ, ತೂಗುದೀಪ ತರೋಕೆ ಹೊರಟ ನೋಡಪ್ಪ!" ಎಂದ ಅಣ್ಣ.

"ಗೋಡೆ ಏಳೋ ಹೊತ್ತಿಗೆ ನೀನೇ ಇರಲ್ಲ ಕಣೋ ಮುದುಕಪ್ಪ. ಸಾಯೋದ್ರೊಳಗೆ ಒಂದು ಸಲ ಗೆಲ್ಲೋದು ನೋಡಬೇಕು ಅಂತಿಲ್ವಾ?"

"ಇದೆ ಕಣೋ. ಆದ್ರೆ ಟಿಲರಿ ಬಂದ್ರೆ ನಮ್ಮ ಹುಡುಗನ ಜಾಗ ಹೋಗುತ್ತೆ. ಜಾಗ ಹೋದ್ಮೇಲೆ ಹುಡುಗನ್ನೂ ಕಳಿಸ್ತಾರೆ."

ನಾನು ಮರ್ವಿನ್ ಪಕ್ಷ. ಸೋಲುವ ತಂಡದ ಊರಲ್ಲಿ ಜನ ದುಃಖವನ್ನು ಮನೆಯಲ್ಲೇ ಕುಡಿದು ಮುಗಿಸುತ್ತಾರೆ, ನನ್ನ ಬಾಗಿಲಿಗೆ ಬರುವುದಿಲ್ಲ. ಹಾಗೆಂದು ಕ್ರಿಸ್‌ಮಸ್‌ಗೆ ಮರ್ವಿನ್ ಮಾಡಿದ ಕಿತಾಪತಿಯನ್ನು ನಾನು ಒಪ್ಪಲಿಲ್ಲ. ಎಲ್ಲರ ಎದುರಿಗೆ ಅಣ್ಣನಿಗೊಂದು ಪೊಟ್ಟಣ ಕೊಟ್ಟ. ಬಿಚ್ಚಿದರೆ ಅಂಗಿ. ಬೆನ್ನ ಮೇಲೆ ಎಲಿಸಿಯೊ ಹೆಸರು.

"ಹಾಕ್ಕೊಳಯ್ಯಾ! ನಾಳೆಗೆ ಜಾಗ ಖಾಲಿ!" ಎಂದು ಹಲ್ಲು ಕಿರಿದ.

ಯಾರೂ ನಗಲಿಲ್ಲ. ಕೈಲಿದ್ದ ಸೌಟಿನಿಂದ ಅವನ ತಲೆಗೆ ಒಂದು ಬಿಡೋಣವೆನ್ನಿಸಿತು ನನಗೆ. ಅಣ್ಣ ಅಂಗಿಯನ್ನು ಮಡಿಚಿ ಕಂಕುಳಲ್ಲಿ ಇಟ್ಟುಕೊಂಡು ಎದ್ದು ಹೋದವನು ಆಮೇಲೆ ಇತ್ತ ತಲೆ ಹಾಕಲಿಲ್ಲ.

ಜನವರಿಯಲ್ಲಿ ತಂಡದವರು ಅಭಿಮಾನಿಗಳ ಸಭೆ ಕರೆಯುತ್ತಾರೆ. ಆಟಗಾರರನ್ನು ಕೊಳ್ಳುವ, ಬಿಡುವ ಯಜಮಾನ ಪೆರ್ರಿ ಲೂಮಿಸ್ ವೇದಿಕೆಯ ಮೇಲೆ ಕೂರುತ್ತಾನೆ. ಯಾರು ಏನು ಬೇಕಾದರೂ ಕೇಳಬಹುದು, ಅವನು ಯಾವುದಕ್ಕೂ ಉತ್ತರ ಕೊಡುವುದಿಲ್ಲ. ಅಂಕಿಅಂಶ ಬಿಟ್ಟು ದೇವರನ್ನೂ ನಂಬೆನೆಂದು ಎದೆ ತಟ್ಟಿಕೊಳ್ಳುವ ಆಸಾಮಿ.

ನಾನೂ ಮರ್ವಿನ್ನೂ ಮುಂದಿನ ಸಾಲಿನಲ್ಲೇ ಕೂತಿದ್ದೆವು. ಅಣ್ಣ ಮೈಕಿನ ಮುಂದೆ ಬಂದು ನಿಂತ. ಕೋಟು ಕಳಚಿ, ಲೂಮಿಸ್‌ಗೆ ಬೆನ್ನು ತೋರಿಸಿದ. ಸಭೆಯೆಲ್ಲ 'ಅಯ್ಯೋ' ಎಂದಿತು.

"ಒಂದು ವರ್ಷ ಹೆದರಿಕೊಂಡು ಈ ಹೆಸರು ಹಾಕ್ಕೊಂಡಿರಲಿಲ್ಲ," ಎಂದ ಮತ್ತೆ ಲೂಮಿಸ್‌ನತ್ತ ತಿರುಗಿ. "ಇಷ್ಟಪಡೋ ಹುಡುಗನ ಹೆಸರು ಹಾಕ್ಕೊಳ್ಳೋಕೆ ಹೆದರೋದೂ ಒಂದು ಬಾಳಾ? ಕಳಿಸೋದಾದ್ರೆ ಕಳಿಸಿ ಸ್ವಾಮಿ. ಇದನ್ನ ಹಾಕ್ಕೊಂಡೇ ಬೀಳ್ಕೊಡ್ತೀನಿ. ಹೇಳಿಬಿಡಿ, ಟಿಲರಿನ ತರ್ತೀರೋ ಇಲ್ವೋ?"

ಲೂಮಿಸ್ ಎದ್ದ ರಭಸಕ್ಕೆ ನೀರಿನ ಲೋಟ ಉರುಳಿತು.

"ಬಿಚ್ರೀ ಅದನ್ನ! ದಮ್ಮಯ್ಯ, ಈಗಲೇ ಬಿಚ್ಚಿ! ಬೆಳಿಗ್ಗೆ ತಾನೇ ಆ ಹುಡುಗನ ಹತ್ರ ಆರು ವರ್ಷಕ್ಕೆ ಸಹಿ ಹಾಕಿಸಿದ್ದೀನಿ, ಹಾಳು ಮಾಡಬೇಡಿ!"

ಹೇಳಿದ ಮೇಲೆ ಬಾಯಿ ಮುಚ್ಚಿಕೊಂಡ. ಇನ್ನು ಮುಚ್ಚಿ ಏನು ಬಂತು? ಸಭೆಗೆ ಸಭೆಯೇ ಕುರ್ಚಿ ಬಿಟ್ಟು ಎದ್ದು ಕೇಕೆ ಹಾಕಿತು.

"ಹಂಗಾದ್ರೆ ಟಿಲರಿ?" ಮರ್ವಿನ್ ಕಿರುಚಿದ.

"ಇಲ್ಲಪ್ಪ," ಎಂದ ಲೂಮಿಸ್, ಕರ್ಚೀಫಿನಿಂದ ಮೇಜು ಒರೆಸುತ್ತ. "ಗೆಲುವು ಹತ್ತಿರ ಬಂದಾಗ ಅಂಥವರನ್ನ ತರೋಣ. ಈಗಲೇ ತಂದ್ರೆ, ನಾವು ಗೆಲ್ಲೋ ಹೊತ್ತಿಗೆ ಅವರಿಗೆ ಮಂಡಿ ನೋವು ಶುರುವಾಗಿರುತ್ತೆ."

"ಅಂದ್ರೆ ಈ ವರ್ಷಾನೂ ಸೋಲೋದೇ?"

"ಹೆಚ್ಚು ಕಮ್ಮಿ ಹಂಗೇ."

ಸೋಲುತ್ತೇವೆಂಬ ಮಾತಿಗೆ ಚಪ್ಪಾಳೆ ತಟ್ಟಿದವನನ್ನು ನಾನು ಅಂದೇ ನೋಡಿದ್ದು. ಅವನು ನನ್ನ ಅಣ್ಣ. ಅಂಗಿಯನ್ನೇನೂ ಅವನು ಬಿಚ್ಚಲಿಲ್ಲ.

ಹೊರಗೆ ಸರೋವರದ ಕಡೆಯಿಂದ ಹಿಮಗಾಳಿ ಬೀಸುತ್ತಿತ್ತು. ಬಸ್ಸಿಗೆ ಕಾಯುತ್ತಿದ್ದ ನನ್ನ ಹಲ್ಲು ಕಟಕಟ ಎನ್ನುತ್ತಿದ್ದವು. ಅಣ್ಣ ಮಾತ್ರ ಕೋಟನ್ನು ತೋಳ ಮೇಲೆ ಹಾಕಿಕೊಂಡು, ರಸ್ತೆಗೆ ಬೆನ್ನು ಮಾಡಿ ನಿಂತಿದ್ದ.

"ಕೋಟು ಹಾಕ್ಕೊಳೋ, ನ್ಯುಮೋನಿಯಾ ಬಂದು ಸಾಯ್ತೀಯ," ಎಂದೆ.

"ಹಾಕ್ಕೊಂಡ್ರೆ ಹೆಸರು ಕಾಣಲ್ವಲ್ಲೇ, ವಾಂಡಾ."